ಎಂಟು ಐವತ್ತೊಂದರ ಸ್ಕೂಟರು

ಅವನನ್ನು ಮನೆಯವರೆಲ್ಲ ಕರೆಯುವುದು ದಶಾಂಶ ಅಂತಲೇ. ಆರನೇ ಕ್ಲಾಸಿನಲ್ಲಿ ಜ್ವರ ಬಂದು ಮಲಗಿದ್ದಾಗ ಡಾಕ್ಟರು "ನೂರೆರಡು ಇದೆ" ಅಂದದ್ದಕ್ಕೆ, ಮುಚ್ಚಿದ ಕಣ್ಣು ತೆರೆಯದೆಯೇ "ನೂರೊಂದು ಪಾಯಿಂಟ್ ಎಂಟು" ಎಂದು ತಿದ್ದಿದ್ದನಂತೆ. ಆ ಹೆಸರಿಟ್ಟವಳು ಅಕ್ಕ. ಈಗ ಅವನಿಗೆ ಮೂವತ್ತನಾಲ್ಕು, ನಗರಪಾಲಿಕೆಯ ರಸ್ತೆ ಸುರಕ್ಷತಾ ವಿಭಾಗದಲ್ಲಿ ಇಂಜಿನಿಯರು. ಯಾವ ಬೀದಿಯಲ್ಲಿ ಗಾಡಿಗಳು ಎಷ್ಟು ವೇಗವಾಗಿ ಓಡುತ್ತವೆ ಎಂದು ಅಳೆಯುವುದು, ಎಲ್ಲಿ ಹಂಪು ಬೇಕು, ಎಲ್ಲಿ ಬೇಡ ಎಂದು ವರದಿ ಬರೆಯುವುದು ಅವನ ಕೆಲಸ. ಹೆಸರಿಗೆ ತಕ್ಕ ನೌಕರಿ ಕೊಡಿಸಿದ್ದು ತಾನೇ ಎಂಬಂತೆ ಅಕ್ಕ ಆಗಾಗ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಾಳೆ.

ಆದರೆ ಈ ವರ್ಷ ಅಕ್ಕನಿಗೆ ತಮ್ಮನ ಮೇಲೆ ಸಿಟ್ಟು ಬಂದಿತ್ತು.

"ಊರಿಗೆಲ್ಲ ಹಂಪು ಹಾಕಿಸ್ತೀಯ, ಒಡಹುಟ್ಟಿದವಳ ಬೀದಿಗೆ ಒಂದು ಹಾಕಿಸೋಕೆ ಆಗಲ್ವೇನೋ?"

"ಅದು ಹಂಪು ಅಲ್ಲ ಅಕ್ಕ, ಎತ್ತರಿಸಿದ ಕ್ರಾಸಿಂಗು. ಹತ್ತು ಸೆಂಟಿಮೀಟರ್ ಎತ್ತರ, ಮೇಲೆ ಮೂರು ಮೀಟರ್ ಸಪಾಟು..."

"ಸಪಾಟೋ ಗುಬುಟೋ, ನಮ್ಮತ್ತೆ ಆ ಕಡೆ ಹೋಗ್ಬೇಕು, ಅಷ್ಟೆ!"

ಇಡೀ ಗಲಾಟೆಯ ಬುಡ ಇದೇ. ಅಕ್ಕನ ಅತ್ತೆಗೆ ಎಪ್ಪತ್ತನಾಲ್ಕು ವರ್ಷ. ಎದುರುಮನೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ಸು. ಇಪ್ಪತ್ತು ವರ್ಷದಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ. ದಿನಾ ಬೆಳಗ್ಗೆ ಹೆಡ್‌ಮಿಸ್ಸಿನ ಜಗಲಿಯಲ್ಲಿ ಒಂದು ಆಟ ಚದುರಂಗ, ಒಂದು ಲೋಟ ಚಹಾ, ಇಬ್ಬರ ಸೊಸೆಯಂದಿರ ಮೇಲೂ ಒಂದೊಂದು ಸುತ್ತು ಮಾತು. ಐದು ತಿಂಗಳ ಹಿಂದೆ ಅತ್ತೆಯಮ್ಮ ರಸ್ತೆಯ ನಡುವೆ ಇದ್ದಾಗ ಯಾವುದೋ ಬೈಕು ಅವರ ಕೈಚೀಲವನ್ನು ಸವರಿಕೊಂಡು ಹೋಯಿತು. ಚೀಲ ಹೋಗಿ ಚರಂಡಿಯಲ್ಲಿ ಬಿತ್ತು. ಅತ್ತೆಯಮ್ಮನಿಗೆ ಒಂದು ಗೀರೂ ಆಗಲಿಲ್ಲ. ಆದರೆ ಅವತ್ತು ವಾಪಸು ಮನೆಗೆ ಬಂದವರು ಮತ್ತೆ ಗೇಟು ದಾಟಲಿಲ್ಲ. ಹೆಡ್‌ಮಿಸ್ಸು ಈ ಕಡೆ ಬರೋಣವೆಂದರೆ ಅವರಿಗೆ ಸೊಂಟದ ಆಪರೇಷನ್ ಆಗಿ ವಾಕರ್ ಹಿಡಿದಿದ್ದಾರೆ. ಹೀಗಾಗಿ ಚದುರಂಗ ಫೋನಿನಲ್ಲಿ ನಡೆಯುತ್ತಿತ್ತು. ಅಲ್ಲೊಂದು ಮಣೆ, ಇಲ್ಲೊಂದು ಮಣೆ. "ನಾನು ಫೋನಿಟ್ಟ ಮೇಲೆ ಅವಳು ಕುದುರೆ ಸರಿಸ್ತಾಳೆ ಕಣಪ್ಪ" ಎಂದು ಅತ್ತೆಯಮ್ಮ ದಶಾಂಶನ ಬಳಿ ದೂರುತ್ತಿದ್ದರು. "ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಆಡಿದ್ರೆ ಗೊತ್ತಾಗುತ್ತೆ ಅವಳ ಬಣ್ಣ."

ದಶಾಂಶ ಒಂದು ದಿನ ಅವರನ್ನು ಮನೆಯ ನಡುಕೋಣೆಯಲ್ಲಿ ನಡೆಸಿ ನೋಡಿದ. ಆರು ಮೀಟರಿಗೆ ಹತ್ತು ಸೆಕೆಂಡು. ರಸ್ತೆಯ ಅಗಲ ಹನ್ನೊಂದು ಮೀಟರು. ಅಂದರೆ ದಾಟಲು ಹದಿನೆಂಟು ಪಾಯಿಂಟ್ ಮೂರು ಸೆಕೆಂಡು ಬೇಕು. ಬೆಳಗಿನ ಹೊತ್ತು ಎರಡು ಗಾಡಿಗಳ ನಡುವೆ ಅಷ್ಟು ಬಿಡುವು ಗಂಟೆಗೆ ನಾಲ್ಕು ಸಲ ಸಿಕ್ಕರೆ ಅದೇ ಪುಣ್ಯ. ಆ ನಾಲ್ಕು ಸಲ ಯಾವಾಗ ಎಂದು ಮೊದಲೇ ಹೇಳುವವರು ಯಾರು?

ಎತ್ತರಿಸಿದ ಕ್ರಾಸಿಂಗಿನ ಮೇಲೆ ಗಾಡಿಗಳು ತಾವಾಗಿ ನಿಧಾನಿಸುತ್ತವೆ, ಜನರಿಗೆ ದಾರಿ ಬಿಡುತ್ತವೆ. ಲೆಕ್ಕ ಸರಳವಾಗಿತ್ತು. ಇಲಾಖೆಯ ನಿಯಮ ಅಷ್ಟು ಸರಳವಾಗಿರಲಿಲ್ಲ. ವೇಗದ ಮಿತಿ ಮೂವತ್ತಿರುವ ಬೀದಿಯಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಗಾಡಿಗಳು ನಲವತ್ತನ್ನು ಮೀರಿ ಓಡುತ್ತಿವೆ ಎಂದು ಅಳತೆಯಲ್ಲಿ ಸಾಬೀತಾಗಬೇಕು. ಅಳತೆ ಮಾಡುವವನು ಅಕ್ಕನ ತಮ್ಮನೇ ಆದ್ದರಿಂದ ಅವನು ಮೊದಲೇ ಹೋಗಿ ಹಿರಿಯ ಇಂಜಿನಿಯರ್ ಮೇಡಂಗೆ ಸಂಬಂಧ ತಿಳಿಸಿಬಿಟ್ಟ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಒಳ್ಳೇದಾಯ್ತು. ಬೇರೆಯವರ ಅಂಕಿ ಒಂದ್ಸಲ ನೋಡ್ತೀನಿ, ನಿಮ್ಮದನ್ನ ಎರಡು ಸಲ ನೋಡ್ತೀನಿ."

ಅಳತೆಗೆ ಒಂದು ಮಂಗಳವಾರ ಗೊತ್ತಾಯಿತು. ದಶಾಂಶ ಮಾಡಿದ ತಪ್ಪೆಂದರೆ ಅದನ್ನು ಅಕ್ಕನಿಗೆ ಹೇಳಿದ್ದು. ಅಕ್ಕ ಬೀದಿಯ ಸಂಘದ ಅಧ್ಯಕ್ಷರಿಗೆ ಹೇಳಿದಳು. ಅಧ್ಯಕ್ಷರಿಗೆ ಪೀಠೋಪಕರಣದ ಅಂಗಡಿ, ಯಾವುದನ್ನೂ ಸಣ್ಣದಾಗಿ ಮಾಡಿ ಅಭ್ಯಾಸವಿಲ್ಲ. ಸೋಮವಾರ ಸಂಜೆ ಬೀದಿಯ ಎಲ್ಲರ ಫೋನಿಗೂ ಸಂದೇಶ ಬಂತು: "ನಾಳೆ ಬೆಳಗ್ಗೆ ಎಂಟಕ್ಕೆ ನಮ್ಮ ಬೀದಿಯ ವೇಗದ ಅಳತೆ. ಎಲ್ಲರೂ ತಪ್ಪದೆ ಹಾಜರಿದ್ದು ಸಹಕರಿಸಬೇಕು."

ಮಂಗಳವಾರ ದಶಾಂಶ ವೇಗ ಅಳೆಯುವ ಗನ್ನು ಹಿಡಿದು ಬಂದಾಗ ಬೀದಿಯಲ್ಲಿ ಮೂವತ್ತೆರಡು ಕುರ್ಚಿಗಳಿದ್ದವು. ಅಧ್ಯಕ್ಷರೇ ಅಂಗಡಿಯಿಂದ ತರಿಸಿದ್ದರು. ಅದೇ ಬೀದಿಯ ಡ್ರಾಯಿಂಗ್ ಮೇಷ್ಟ್ರು "ನಿಧಾನವಾಗಿ ಚಲಿಸಿ" ಎಂದು ನಾಲ್ಕು ಬಣ್ಣದಲ್ಲಿ ಫಲಕ ಬರೆದು ತಂದಿದ್ದರು. ಟೈಲರು ಅಂಗಡಿಯ ಬಾಗಿಲು ಹಾಕಿ ಹೆಂಡತಿಯ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ.

"ದಯವಿಟ್ಟು ಎಲ್ಲರೂ ಒಳಗೆ ಹೋಗಿ" ಎಂದು ದಶಾಂಶ ಬೇಡಿಕೊಂಡ. "ಆ ಫಲಕ ತೆಗೀರಿ ಸಾರ್."

"ಯಾಕಪ್ಪ, ನಾವು ನಿಮ್ಗೆ ಬೆಂಬಲ ಕೊಡೋದು ಬೇಡ್ವಾ?" ಎಂದರು ಅಧ್ಯಕ್ಷರು. ಮಾತಾಡುತ್ತಲೇ ತಮ್ಮ ದೊಡ್ಡ ಕಾರು ಹತ್ತಿ, ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡವರ ಹಾಗೆ, ಅವನ ಮುಂದೆ ಗಂಟೆಗೆ ಹದಿನೆಂಟು ಕಿಲೋಮೀಟರಿನಲ್ಲಿ ಹಾದುಹೋದರು. ಕಿಟಕಿಯಿಂದ ಕೈಯನ್ನೂ ಬೀಸಿದರು. ಅವರ ಹಿಂದೆ ಡ್ರಾಯಿಂಗ್ ಮೇಷ್ಟ್ರು. ಅವರ ಹಿಂದೆ ಅಕ್ಕ, ಸ್ಕೂಟರಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಡ್ರೈವಿಂಗ್ ಪರೀಕ್ಷೆಗೆ ಬಂದವಳ ಹಾಗೆ.

ಎರಡು ಗಂಟೆಯಲ್ಲಿ ನಾನೂರ ಹನ್ನೆರಡು ಗಾಡಿಗಳು ಹೋದವು. ನಲವತ್ತು ಮೀರಿದವು ಒಂಬತ್ತು. ನೂರಕ್ಕೆ ಎರಡು ಪಾಯಿಂಟ್ ಎರಡು. ಕಾಗದದ ಮೇಲೆ ಅದು ಇಡೀ ನಗರದಲ್ಲೇ ಅತಿ ಸುರಕ್ಷಿತ ಬೀದಿಯಾಗಿತ್ತು.

ಆ ಸಂಜೆ ಅಕ್ಕನ ಅಡುಗೆಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು.

"ಎರಡಂತೆ! ಮಾನ ಹೋಯ್ತು" ಎಂದಳು ಅಕ್ಕ, ಪಾತ್ರೆ ಉಜ್ಜುತ್ತ. "ಇರಲಿ, ಇನ್ನೊಂದ್ಸಲ ಅಳಿ. ಈ ಸಲ ನಾನೇ ಸ್ಕೂಟರ್ ತಗೊಂಡು ಹಿಂದೆ ಮುಂದೆ ಐವತ್ತು ಸುತ್ತು ಹೊಡೀತೀನಿ, ಜೋರಾಗಿ. ನಿನ್ನ ಹದಿನೈದು ನಾನೊಬ್ಳೇ ತುಂಬಿಸಿಕೊಡ್ತೀನಿ."

"ಅದು ಸುಳ್ಳು ಅಂಕಿ ಆಗುತ್ತೆ ಅಕ್ಕ."

"ಇವತ್ತಿನದೇನು ನಿಜಾನಾ?"

ದಶಾಂಶನಿಗೆ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಹೇಳುತ್ತಿದ್ದದ್ದು ನೆನಪಾಯಿತು. ಬಿಸಿನೀರಿನ ಸಣ್ಣ ಬಟ್ಟಲಿಗೆ ದೊಡ್ಡ ಥರ್ಮಾಮೀಟರ್ ಅದ್ದಿದರೆ ಅದು ತೋರಿಸುವುದು ನೀರಿನ ಬಿಸಿಯನ್ನಲ್ಲ, ತಾನು ತಣ್ಣಗಾಗಿಸಿದ ನೀರಿನ ಬಿಸಿಯನ್ನು. ಇಲ್ಲಿ ಥರ್ಮಾಮೀಟರಿನ ಜೊತೆಗೆ ಮೂವತ್ತೆರಡು ಕುರ್ಚಿಗಳೂ ಇದ್ದವು.

ಪಕ್ಕದ ಕೋಣೆಯಿಂದ ಅತ್ತೆಯಮ್ಮನ ದನಿ ಕೇಳಿತು. ಫೋನಿನಲ್ಲಿ ಹೆಡ್‌ಮಿಸ್ಸಿಗೆ ಹೇಳುತ್ತಿದ್ದರು: "ಇಲ್ವಂತೆ ಕಣೇ. ನಮ್ಮ ಬೀದೀಲಿ ಯಾರೂ ಜೋರಾಗಿ ಓಡಿಸೋದೇ ಇಲ್ವಂತೆ. ನನಗೇ ಭ್ರಮೆ ಇರ್ಬೇಕು." ಆ ಮೇಲೆ ಅವರು ನಗಲಿಲ್ಲ. ಆನೆಯನ್ನೋ ಒಂಟೆಯನ್ನೋ ನಡೆಸಲೂ ಇಲ್ಲ. ನಿದ್ದೆ ಬರ್ತಿದೆ ಎಂದು ಏಳು ಗಂಟೆಗೇ ಫೋನಿಟ್ಟುಬಿಟ್ಟರು. ಅಕ್ಕ ನಲ್ಲಿ ನಿಲ್ಲಿಸಿ ಆ ಕೋಣೆಯ ಕಡೆ ನೋಡಿದಳು.

ಮರುದಿನ ಅವನು ಮೇಡಂ ಎದುರು ನಿಂತ. ಜನಕ್ಕೆ ಗೊತ್ತಾಗಿದ್ದರಿಂದ ಮೊದಲ ಅಳತೆ ಕೆಟ್ಟಿತೆಂದು ಬರೆದುಕೊಟ್ಟ. ಈ ಸಲ ರಾಡಾರ್ ಪೆಟ್ಟಿಗೆ ಕೊಡಿ ಎಂದು ಕೇಳಿದ. ಅದು ಬೂದು ಬಣ್ಣದ ಡಬ್ಬಿ. ದೀಪದ ಕಂಬಕ್ಕೆ ಕಟ್ಟಿದರೆ ಕರೆಂಟಿನವರದ್ದೇನೋ ಎಂದುಕೊಂಡು ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೋಗುವ ಬರುವ ಪ್ರತಿ ಗಾಡಿಯ ವೇಗ, ಹೊತ್ತು, ದಿಕ್ಕು, ಗಾತ್ರ ಬರೆದುಕೊಳ್ಳುತ್ತದೆ. ನಂಬರ್ ಪ್ಲೇಟು ನೋಡುವುದಿಲ್ಲ.

"ಒಂದು ವಾರ" ಎಂದರು ಮೇಡಂ. "ಈ ಸಲ ಅಕ್ಕನಿಗೆ?"

"ಹೇಳಲ್ಲ ಮೇಡಂ."

ಅವನ ಜೀವನದ ಅತಿ ಉದ್ದದ ವಾರ ಅದು. ಎರಡು ದಿನಕ್ಕೊಮ್ಮೆ ಅಕ್ಕನ ಮನೆಗೆ ಹೋಗುವ ರೂಢಿ. ಹೋಗದಿದ್ದರೆ ಅನುಮಾನ, ಹೋದರೆ ಮಂಗಳಾರತಿ. ಅಕ್ಕ ಚಹಾದ ಲೋಟವನ್ನು ಅವನ ಮುಂದೆ ಕುಕ್ಕಿ, "ತಗೊಳ್ಳಪ್ಪ, ಸಕ್ಕರೆ ಎರಡು ಪಾಯಿಂಟ್ ಎರಡು ಚಮಚ ಹಾಕಿದೀನಿ" ಎನ್ನುವಳು. ಅತ್ತೆಯಮ್ಮ ಮಾತ್ರ "ಪಾಪ, ಬಿಡೇ ಅವನ್ನ" ಎನ್ನುವರು. ಹಾಗೆ ಅವರು ಪಾಪ ಅಂದಾಗಲೆಲ್ಲ ದಶಾಂಶನಿಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ಎಂಟನೆಯ ದಿನ ಅವನು ಪೆಟ್ಟಿಗೆ ಬಿಚ್ಚಿ ತಂದು ಆಫೀಸಿನ ಮೂಲೆಯ ಮೇಜಿನಲ್ಲಿ ಕೂತ. ಏಳು ದಿನದಲ್ಲಿ ಹನ್ನೊಂದು ಸಾವಿರದ ಮುನ್ನೂರ ನಲವತ್ತು ಗಾಡಿಗಳು. ನಲವತ್ತು ಮೀರಿದವು ಎರಡು ಸಾವಿರದ ಐನೂರ ಹದಿನೇಳು. ನೂರಕ್ಕೆ ಇಪ್ಪತ್ತೆರಡು ಪಾಯಿಂಟ್ ಎರಡು! ದಶಾಂಶ ಕುರ್ಚಿಯಿಂದ ಎದ್ದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಸಣ್ಣ ಹೆಜ್ಜೆ ಕುಣಿದ.

ಅಲ್ಲಿಗೇ ಬಿಡಬಹುದಿತ್ತು. ಆದರೆ ಅವನು ಅಂಕಿಗಳನ್ನು ಅರ್ಧಕ್ಕೆ ಬಿಡುವ ಜಾತಿಯವನಲ್ಲ. ಗಂಟೆವಾರು ವಿಂಗಡಿಸಿದ. ದಿಕ್ಕುವಾರು ವಿಂಗಡಿಸಿದ. ಪ್ರತಿ ಬೆಳಗಿನ ಅತಿ ವೇಗದ ಹತ್ತು ಗಾಡಿಗಳನ್ನು ಪಟ್ಟಿ ಮಾಡಿ, ಒಂದೊಂದು ದಿನದ ಮೊದಲ ಸಾಲು ನೋಡಿದ.

ಸೋಮವಾರ, ಎಂಟು ಐವತ್ತೊಂದು, ದ್ವಿಚಕ್ರ, ಐವತ್ತೆಂಟು ಪಾಯಿಂಟ್ ಮೂರು. ಮಂಗಳವಾರ, ಎಂಟು ಐವತ್ತೊಂದು, ದ್ವಿಚಕ್ರ, ಐವತ್ತೇಳು ಪಾಯಿಂಟ್ ಆರು. ಬುಧವಾರ ಎಂಟು ಐವತ್ತೆರಡು, ಅರವತ್ತು ಪಾಯಿಂಟ್ ಒಂದು. ಆ ದಿನ ಒಂದು ನಿಮಿಷ ತಡವಾಗಿತ್ತು, ಅದನ್ನು ಸರಿದೂಗಿಸಬೇಕಲ್ಲ. ಗುರುವಾರ, ಶುಕ್ರವಾರ, ಶನಿವಾರ ಮತ್ತೆ ಎಂಟು ಐವತ್ತೊಂದು. ಭಾನುವಾರ ಇಲ್ಲ.

ಅಕ್ಕ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೀಗದ ಕೈ ಅವಳ ಬಳಿಯೇ ಇರುತ್ತದೆ. ಒಂಬತ್ತಕ್ಕೆ ಬಾಗಿಲು ತೆಗೆಯದಿದ್ದರೆ ಹಿಂದಿನ ದಿನದಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಕಾದವರು ಅವಳನ್ನೇ ತಿಂದುಹಾಕುವ ಹಾಗೆ ನೋಡುತ್ತಾರೆ. ಹಾಗಾಗಿ ಎಂಟೂವರೆಯಿಂದ ಮನೆಯೆಲ್ಲ ಸುಂಟರಗಾಳಿ, ಎಂಟು ಐವತ್ತಕ್ಕೆ ಗೇಟಿನ ಸದ್ದು. ಭಾನುವಾರ ಲ್ಯಾಬಿಗೆ ರಜೆ.

ದಶಾಂಶ ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದ. ಆ ಒಂದು ಪುಟ ತೆಗೆದುಬಿಟ್ಟರೂ ಒಟ್ಟು ಲೆಕ್ಕಕ್ಕೆ ಏನೂ ಆಗುವುದಿಲ್ಲ. ಬೆರಳು ಎರಡು ಸಲ ಅಳಿಸುವ ಗುಂಡಿಯ ಹತ್ತಿರ ಹೋಗಿ ವಾಪಸು ಬಂತು. ಕಡೆಗೆ ಪುಟ ಅಲ್ಲೇ ಉಳಿಯಿತು.

ಶನಿವಾರ ಹನ್ನೊಂದಕ್ಕೆ ವಾರ್ಡ್ ಆಫೀಸಿನಲ್ಲಿ ಮೇಡಂ ಕರೆದ ಬೀದಿಯವರ ಸಭೆ. ಅಕ್ಕ ಲ್ಯಾಬಿನಲ್ಲಿ ಎರಡು ಗಂಟೆ ರಜೆ ಹೇಳಿ ಬಂದಿದ್ದಳು. ಹೊಸ ಅಳತೆಯ ವಿಷಯ ಅವಳಿಗೆ ಅಲ್ಲೇ ಮೊದಲು ಗೊತ್ತಾಗಿದ್ದು. "ಇಪ್ಪತ್ತೆರಡಾ!" ಎಂದು ಅವಳು ತಮ್ಮನ ಕಡೆ ನೋಡಿದ ನೋಟದಲ್ಲಿ ಒಂದು ವಾರದ ಬೈಗುಳವೆಲ್ಲ ಮನ್ನಾ ಆಗಿತ್ತು.

ಅಧ್ಯಕ್ಷರು ಎದ್ದು ನಿಂತು ಶರಟು ಎಳೆದುಕೊಂಡರು. "ನಾನು ಹೇಳಿರ್ಲಿಲ್ವಾ ಮೇಡಂ? ಎಲ್ಲಾ ಹೊರಗಿನವರು. ನಮ್ಮ ಬೀದಿಯನ್ನ ರೇಸಿನ ಮೈದಾನ ಮಾಡ್ಕೊಂಡಿದಾರೆ. ನಾವು ಮರ್ಯಾದಸ್ತರು ವಾಸ ಮಾಡೋದಾದ್ರೂ ಹೇಗೆ?"

ಮೇಡಂ ಪುಟ ತಿರುವಿದರು. ಇನ್ನೊಂದು ಪುಟ ತಿರುವಿದರು. ಅವರು ಹೇಳಿದ ಮಾತು ಸುಳ್ಳಲ್ಲ, ದಶಾಂಶನ ಅಂಕಿಗಳನ್ನು ಎರಡು ಸಲ ನೋಡುತ್ತಿದ್ದರು.

"ಬೆಳಗ್ಗೆ ಎಂಟರಿಂದ ಒಂಬತ್ತೂವರೆ, ಎಲ್ಲಾ ಬೀದಿಯಿಂದ ಹೊರಗೆ ಹೋಗೋ ಗಾಡಿಗಳೇ ಜೋರು. ಸಂಜೆ ಆರರಿಂದ ಎಂಟು, ಒಳಗೆ ಬರೋವು ಜೋರು." ತಲೆ ಎತ್ತಿದರು. "ಹೊರಗಿನವರು ಪ್ರತಿ ರಾತ್ರಿ ಮಲಗೋಕೆ ನಿಮ್ಮ ಬೀದಿಗೇ ಬರ್ತಾರಾ ಅಧ್ಯಕ್ಷರೇ?"

ಡ್ರಾಯಿಂಗ್ ಮೇಷ್ಟ್ರು ತಮ್ಮ ಉಗುರು ಪರೀಕ್ಷಿಸಿಕೊಂಡರು.

"ಹನ್ನೆರಡು ಬೀದಿಗಳ ಅರ್ಜಿ ಇದೆ ನನ್ನ ಹತ್ರ" ಎಂದರು ಮೇಡಂ. "ಈ ವರ್ಷ ಹಾಕಬಹುದಾದದ್ದು ನಾಲ್ಕು. ಒಂದು ಕಡೆ ಶಾಲೆ ಮುಂದೆ ಲಾರಿ ಓಡಾಡುತ್ತೆ. ನಿಮ್ಮಲ್ಲಿ ಓಡಿಸೋರು ನೀವೇ. ನಿಮ್ಮ ಕಾಲು, ನಿಮ್ಮ ಬ್ರೇಕು. ಮನೆಗೆ ಹೋಗಿ ಒಬ್ಬರಿಗೊಬ್ಬರು ಹೇಳ್ಕೊಂಡ್ರೆ ಮುಗೀತು. ಇದಕ್ಕೆ ನಾನು ರಸ್ತೆ ಯಾಕೆ ಅಗೀಬೇಕು?" ಪೆನ್ನಿನ ಮುಚ್ಚಳ ತೆಗೆದರು.

ದಶಾಂಶನಿಗೆ ಆ ಪೆನ್ನಿನ ತುದಿ ಬಿಟ್ಟು ಬೇರೇನೂ ಕಾಣಲಿಲ್ಲ. ಅದು ಫೈಲಿನ ಮೇಲೆ ಒಂದು ಗೆರೆ ಎಳೆದರೆ ಮುಂದಿನ ವರ್ಷದವರೆಗೆ ಮಾತಿಲ್ಲ. ಮುಂದಿನ ವರ್ಷಕ್ಕೆ ಅತ್ತೆಯಮ್ಮನಿಗೆ ಎಪ್ಪತ್ತೈದು, ಹೆಡ್‌ಮಿಸ್ಸಿಗೆ ಎಪ್ಪತ್ತೆಂಟು.

"ಒಂದು ನಿಮಿಷ ಮೇಡಂ, ಆ ಪಟ್ಟಿ ನೋಡಬಹುದಾ?" ಎಂದು ಅಕ್ಕ ಕೈಚಾಚಿದಳು. ಹೊರಗಿನವರು ಯಾರಾದರೂ ಸಿಕ್ಕಾರು ಎಂಬ ಆಸೆಯಿಂದ ಅವಳ ಬೆರಳು ಪುಟದ ಮೇಲಿಂದ ಕೆಳಗೆ ಇಳಿಯಿತು. ಒಂದು ಕಡೆ ನಿಂತಿತು. ಇನ್ನೊಂದು ಸಾಲಿಗೆ ಹೋಗಿ ಮತ್ತೆ ನಿಂತಿತು. ಬುಧವಾರದ ಸಾಲಿನಲ್ಲಿ ಕಿವಿಯವರೆಗೂ ಕೆಂಪಾದಳು. ತಮ್ಮನ ಕಡೆ ನೋಡಿದಳು. ದಶಾಂಶ ಮುಖ ತಿರುಗಿಸಲಿಲ್ಲ.

ಅಕ್ಕ ಎದ್ದು ನಿಂತಳು.

"ಮೇಡಂ, ಈ ಎಂಟು ಐವತ್ತೊಂದು ನಾನು."

"ಏನಮ್ಮ?"

"ದಿನಾ ಎಲ್ಲರಿಗಿಂತ ಜೋರಾಗಿ ಹೋಗೋದು ಅಂತ ಇದೆಯಲ್ಲ, ಆ ಸ್ಕೂಟರು. ಅದು ನಂದು. ಈ ಅರ್ಜಿ ಬರೆದವಳೂ ನಾನೇ. ಮನೆ ಮನೆಗೆ ಹೋಗಿ ಸಹಿ ಹಾಕಿಸಿದವಳೂ ನಾನೇ." ಬೆರಳನ್ನು ಬುಧವಾರದ ಸಾಲಿನ ಮೇಲೇ ಇಟ್ಟುಕೊಂಡಿದ್ದಳು. "ನಮ್ಮತ್ತೆ ಐದು ತಿಂಗಳಿಂದ ರಸ್ತೆ ದಾಟಿಲ್ಲ. ಅವರ ಚೀಲ ಬೀಳಿಸಿದ್ದು ನಾನಲ್ಲ, ಅವತ್ತು ನಾನು ಲ್ಯಾಬಲ್ಲಿದ್ದೆ. ಆದ್ರೆ ನಾನೂ ಆಗಿರಬಹುದಿತ್ತು. ದಿನಾ ಗೇಟು ದಾಟುವಾಗ ಇವತ್ತು ನಿಧಾನವಾಗಿ ಹೋಗ್ತೀನಿ ಅಂದ್ಕೋತೀನಿ ಮೇಡಂ, ದೇವರಾಣೆ. ಆದ್ರೆ ರಸ್ತೆ ನೋಡಿ, ಅಗಲ, ನೇರ, ನುಣ್ಣಗೆ. ಗಡಿಯಾರ ನೋಡ್ತೀನಿ, ಕೈ ತಾನಾಗೇ ತಿರುಗುತ್ತೆ. ಹೇಳ್ಕೊಂಡ್ರೆ ಮುಗೀತು ಅಂದ್ರಲ್ಲ, ನನಗೆ ನಾನೇ ದಿನಾ ಹೇಳ್ಕೋತೀನಿ! ನಮ್ಮತ್ತೆ ಕಿಟಕೀಲಿ ಕೂತಿರೋದು ಕಂಡೂ ಅರವತ್ತರಲ್ಲಿ ಹೋದವಳು ಮಾತಿಗೆ ನಿಲ್ತೀನಾ? ನನಗೆ ಹಂಪೇ ಬೇಕು. ಬೇರೆ ಯಾರಿಗೂ ಅಲ್ಲ, ನನಗೆ ಹಾಕಿ."

"ಅರವತ್ತು ಪಾಯಿಂಟ್ ಒಂದು" ಎಂದ ದಶಾಂಶ ಮೆಲ್ಲಗೆ. ಬಾಯಿ ತಡೆಯಲಾಗಲಿಲ್ಲ.

"ನೀನು ಸುಮ್ನಿರೋ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಡ್ರಾಯಿಂಗ್ ಮೇಷ್ಟ್ರು ಕೆಮ್ಮಿದರು. "ಎಂಟು ಇಪ್ಪತ್ತರದ್ದು ಯಾವುದಾದ್ರೂ ಇದ್ರೆ ಅದು ನಂದಿರಬಹುದು. ಮೊದಲ ಪೀರಿಯಡ್ಡು ಇರುತ್ತೆ."

"ಎಂಟು ನಲವತ್ತನಾಲ್ಕು, ಐವತ್ತಮೂರು ಅಂತ ಇದೆ. ಇದ್ಯಾರ್ರೀ?" ಎಂದಳು ಟೈಲರನ ಹೆಂಡತಿ, ಅಕ್ಕನ ಭುಜದ ಮೇಲಿಂದ ಬಗ್ಗಿ ನೋಡುತ್ತ. ಟೈಲರು ಫ್ಯಾನನ್ನೇ ದಿಟ್ಟಿಸುತ್ತಿದ್ದ. "ಓಹೋ! ನಾನು ಹಿಂದೆ ಕೂತಾಗ ಇಪ್ಪತ್ತು ದಾಟಲ್ಲ ಈ ಮಹರಾಯ!"

ಕಡೆಗೆ ಎಲ್ಲರ ಕಣ್ಣೂ ಅಧ್ಯಕ್ಷರ ಕಡೆ ತಿರುಗಿತು. ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ದೊಡ್ಡ ಗಾಡಿ ಅಲ್ವಾ ಮೇಡಂ. ಒಳಗೆ ಕೂತವರಿಗೆ ವೇಗ ಗೊತ್ತೇ ಆಗಲ್ಲ."

"ಹೊರಗೆ ನಿಂತವರಿಗೆ ಗೊತ್ತಾಗುತ್ತೆ" ಎಂದರು ಮೇಡಂ. ನಗು ಬಂದದ್ದನ್ನು ಕನ್ನಡಕ ಒರೆಸುವ ನೆಪದಲ್ಲಿ ಮುಚ್ಚಿಕೊಂಡರು. "ಹದಿನಾರು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ಪಕ್ಕದ ಮನೆಯವನಿಗೆ ಹಾಕಿ, ಕಾಲೇಜು ಹುಡುಗರಿಗೆ ಹಾಕಿ ಅಂತ ಬಂದವರೇ ಎಲ್ಲಾ. ನನಗೆ ಹಾಕಿ ಅಂತ ಯಾರೂ ಕೇಳಿರ್ಲಿಲ್ಲ." ಪೆನ್ನು ಕೈಯಲ್ಲಿ ಒಂದು ಸುತ್ತು ತಿರುಗಿತು. "ಅಮ್ಮ ಹೇಳಿದ್ದು ಸರಿ. ಬುದ್ಧಿ ಹೇಳಿದರೆ ಕೇಳುವವರಿಗೆ ಬುದ್ಧಿ ಸಾಕು. ಗೊತ್ತಿದ್ದೂ ಕೈಲಾಗದವರಿಗೆ ರಸ್ತೆಯನ್ನೇ ಬದಲಾಯಿಸಬೇಕು. ಬೀದಿ ನಡುವೆ ಎತ್ತರಿಸಿದ ಕ್ರಾಸಿಂಗು ಒಂದು. ಎರಡೂ ಬದಿ ಗಿಡದ ತೊಟ್ಟಿ ಇಟ್ಟು ರಸ್ತೆ ಕಿರಿದು ಮಾಡೋದು. ನಿಮ್ಮದು ನಾಲ್ಕನೆಯದು."

ಹೊರಗೆ ಬಂದ ಮೇಲೆ ಅಕ್ಕ ಸ್ಕೂಟರಿನ ಹತ್ತಿರ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿದಳು, ಬಿಚ್ಚಿದಳು, ಮತ್ತೆ ಬಿಗಿ ಮಾಡಿದಳು.

"ಆ ಪುಟ ತೆಗೆದುಹಾಕಬಹುದಿತ್ತಲ್ವೇನೋ?"

"ತೆಗೀಬಹುದಿತ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

ದಶಾಂಶ ಯೋಚಿಸಿದ. ಅಂಕಿಯ ಪ್ರಾಮಾಣಿಕತೆ, ವೃತ್ತಿಧರ್ಮ ಎಂದೆಲ್ಲ ಹೇಳಬಹುದಿತ್ತು. "ಹೆದರಿಕೆ ಆಯ್ತಕ್ಕ" ಎಂದ. "ಅರವತ್ತರಲ್ಲಿ ಬಿದ್ದರೆ ನಿನಗೆ ಏನಾಗುತ್ತೆ ಅಂತ ನನಗೆ ಸರಿಯಾಗಿ ಲೆಕ್ಕ ಗೊತ್ತು."

ಅಕ್ಕ ಅವನ ತಲೆಗೆ ಒಂದು ಮೊಟಕಿ ಗಾಡಿ ಹತ್ತಿದಳು.

ಕೆಲಸ ಮುಗಿಯಲು ಐದು ವಾರ ಹಿಡಿಯಿತು. ಬಿಳಿ ಪಟ್ಟೆ ಒಣಗಿದ ಮರುದಿನ ಬೆಳಗ್ಗೆ ದಶಾಂಶ ಬಂದು ಗಿಡದ ತೊಟ್ಟಿಯ ಪಕ್ಕ ನಿಂತ. ಆಫೀಸಿನ ಕೆಲಸವೇನಲ್ಲ, ಆದರೂ ಕೈಯಲ್ಲಿ ಗಡಿಯಾರವಿತ್ತು. ಎದುರಿನ ಗೇಟಿನಲ್ಲಿ ಹೆಡ್‌ಮಿಸ್ಸು ವಾಕರ್ ಊರಿಕೊಂಡು ನಿಂತು, ತಡವಾಗಿ ಬಂದ ಹುಡುಗಿಯನ್ನು ಕಾಯುವ ಹಾಗೆ ಹುಬ್ಬು ಗಂಟಿಕ್ಕಿದ್ದರು.

ಅತ್ತೆಯಮ್ಮ ಗೇಟು ದಾಟಿ ಬಂದರು. ಕ್ರಾಸಿಂಗಿನ ಅಂಚಿಗೆ ಬಂದು ನಿಂತರು. ಎಡದಿಂದ ಒಂದು ಸ್ಕೂಟರು ಬಂದು ಏರಿಗೆ ಮುಂಚೆಯೇ ನಿಂತಿತು. ಮೇಲಿದ್ದವಳು ಅಕ್ಕ. ಅವಳ ಹಿಂದೆ ಅಧ್ಯಕ್ಷರ ದೊಡ್ಡ ಕಾರು, ಅದರ ಹಿಂದೆ ಡ್ರಾಯಿಂಗ್ ಮೇಷ್ಟ್ರು. ಅತ್ತೆಯಮ್ಮ ಒಂದು ಕಾಲಿಟ್ಟರು. ಕೋಲಿನಿಂದ ನೆಲ ಕುಟ್ಟಿ ನೋಡಿದರು. ಇನ್ನೊಂದು ಕಾಲಿಟ್ಟರು. ರಸ್ತೆಯ ನಡುವೆ ಬಂದಾಗ ಪೂರ್ತಿ ನಿಂತು, ಸೊಸೆಯನ್ನೂ ಅವಳ ಹಿಂದಿನ ಸಾಲನ್ನೂ ಒಮ್ಮೆ ನಿಧಾನವಾಗಿ ನೋಡಿದರು. ಇಷ್ಟು ತಿಂಗಳ ಬಾಕಿಯನ್ನು ಒಂದೇ ಸಲ ವಸೂಲು ಮಾಡುವ ನೋಟ. ಅಧ್ಯಕ್ಷರು ಮೆಲ್ಲಗೆ ಒಂದು ಹಾರನ್ನು ಹಾಕಿದರು. ಅಕ್ಕ ಹಿಂದೆ ತಿರುಗಿ, "ಏನ್ ಸಾರ್, ಅಂಗಡಿ ಓಡಿ ಹೋಗುತ್ತಾ?" ಎಂದಳು.

ಅತ್ತೆಯಮ್ಮ ಆ ಕಡೆ ಮುಟ್ಟಿದರು. ಇಪ್ಪತ್ತಾರು ಪಾಯಿಂಟ್ ನಾಲ್ಕು ಸೆಕೆಂಡು. ಹೆಡ್‌ಮಿಸ್ಸು ಅವರ ಕೈ ಹಿಡಿದರು. ಇಬ್ಬರೂ ಏನೋ ಪಿಸುಗುಟ್ಟಿದರು. ಆಮೇಲೆ ಅತ್ತೆಯಮ್ಮ ಹಣೆ ಚಚ್ಚಿಕೊಂಡರು.

"ಅಯ್ಯೋ, ಕನ್ನಡಕ ಟೇಬಲ್ ಮೇಲೇ ಮರೆತೆ ಕಣೇ. ಇರು, ಬಂದೆ."

ತಿರುಗಿ ಕ್ರಾಸಿಂಗಿನ ಅಂಚಿಗೆ ಬಂದು, ಕೋಲು ಊರಿ, ಮತ್ತೆ ಮೊದಲ ಹೆಜ್ಜೆ ಇಟ್ಟರು. ಗಾಡಿಗಳ ಸಾಲು ಸಣ್ಣಗೆ ನರಳಿತು. ಅಕ್ಕ ಒಮ್ಮೆ ಕೈಗಡಿಯಾರ ನೋಡಿಕೊಂಡಳು, ಒಮ್ಮೆ ಅತ್ತೆಯನ್ನು ನೋಡಿದಳು. ಫೋನು ತೆಗೆದು ಲ್ಯಾಬಿನ ಬಾಗಿಲಲ್ಲಿ ಕಾಯುತ್ತಿದ್ದ ಸಹಾಯಕಿಗೆ, "ಐದು ನಿಮಿಷ ತಡ ಆಗುತ್ತೆ, ಕಾದಿರೋರಿಗೆ ಹೇಳಿ" ಎಂದಳು. ಆಮೇಲೆ ಕೈ ಮುಂದೆ ಚಾಚಿ, ಕೀಲಿ ತಿರುಗಿಸಿ, ಇಂಜಿನ್ ಆರಿಸಿದಳು.